ಓದಿ ಹೇಳದ ಹೆಸರು

ಮಾಸ್ತರರ ಎಡಗೈಯ ಕಿರುಬೆರಳು ನಡುಗೆಣ್ಣಿಗೇ ಮುಗಿದುಹೋಗಿತ್ತು. ಚಿಕ್ಕವರಿದ್ದಾಗ ಸೈಕಲ್ ಚೈನಿಗೆ ಸಿಕ್ಕಿಸಿಕೊಂಡದ್ದಂತೆ. ಟೈಪಿಂಗ್ ಕಲಿಸುವವರಿಗೆ ಆ ಬೆರಳೇ ಇಲ್ಲದಿದ್ದರೆ ಹೇಗೆ ಹೇಳಿ? ಇಂಗ್ಲಿಷಿನ ‘ಎ’ ಅಕ್ಷರದ ಮೇಲೆ ಕೂರಬೇಕಾದದ್ದು ಅದೇ. ಅವರು ಪಕ್ಕದ ಉಂಗುರಬೆರಳನ್ನು ಓರೆಯಾಗಿ ಚಾಚಿ ಆ ಕೀಲಿ ಒತ್ತುತ್ತಿದ್ದರು. ಒತ್ತುವ ಮುಂಚೆ ಮೋಟು ಬೆರಳೂ ಒಮ್ಮೆ ತಾನಾಗಿ ಬಗ್ಗುತ್ತಿತ್ತು, ತಾನಿನ್ನೂ ಪೂರ್ತಿ ಇದ್ದೇನೆ ಎಂದುಕೊಂಡ ಹಾಗೆ. ನೋಡಬಾರದು ನೋಡಬಾರದು ಎಂದುಕೊಳ್ಳುತ್ತಲೇ ಕ್ಲಾಸಿನ ಹುಡುಗಿಯರೆಲ್ಲ ಅದನ್ನೇ ನೋಡುತ್ತಿದ್ದೆವು. ನನಗಂತೂ ಮೊದಲ ತಿಂಗಳು ‘ಎ’ ಬಂದಾಗಲೆಲ್ಲ ತಪ್ಪುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತರೆ ಮದುವೆ ಮಾಡಿಬಿಡುತ್ತಾರೆ ಎಂಬ ಹೆದರಿಕೆಗೆ ನಾನು ಹೆಗಡೆಕಟ್ಟಾದಿಂದ ಬೆಳಗಿನ ಬಸ್ಸು ಹತ್ತಿ ಶಿರಸಿಗೆ ಟೈಪಿಂಗ್ ಕಲಿಯಲು ಬರುತ್ತಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಾಸ್ತರರ ಇನ್‌ಸ್ಟಿಟ್ಯೂಟ್ ಇತ್ತು. ಹತ್ತು ಟೈಪ್‌ರೈಟರು, ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ಕಂಪ್ಯೂಟರು. ಆ ಬಟ್ಟೆ ತೆಗೆಯುವ ಅಧಿಕಾರ ಅವರೊಬ್ಬರದೇ. ಐವತ್ತು ದಾಟಿದ ಮೇಲೆ, ಕಲಿಸುವವರು ಯಾರೂ ಇಲ್ಲದೆ, ಪುಸ್ತಕ ಓದಿ ಡಿಬೇಸ್ ಕಲಿತ ಮನುಷ್ಯ ಅವರು. ಹೆಸರು ವಿಳಾಸಗಳನ್ನು ಪಟ್ಟಿ ಮಾಡಿ ಇಟ್ಟುಕೊಳ್ಳುವ ಪ್ರೋಗ್ರಾಂ ಅದು. ಕಲಿತದ್ದನ್ನು ಎಲ್ಲಿಗೆ ಹಾಕುವುದು ಎಂದು ತಿಳಿಯದೆ, ಊರಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ, ರಕ್ತದಾನಿಗಳ ಪಟ್ಟಿ ಮಾಡಿಕೊಡುತ್ತೇನೆ ಎಂದು ತಾವಾಗಿ ಕೇಳಿಕೊಂಡರು.

ಆಗ ಆ ಆಸ್ಪತ್ರೆಯಲ್ಲಿ ರಕ್ತ ಕೂಡಿಡುವ ವ್ಯವಸ್ಥೆ ಇರಲಿಲ್ಲ. ಹುಬ್ಬಳ್ಳಿಯಿಂದ ತರಿಸಬೇಕು, ಇಲ್ಲವೇ ದಾನಿಯೇ ಬಂದು ಮಂಚದ ಮೇಲೆ ಮಲಗಬೇಕು. ಹಾಗಾಗಿ ಯಾರ ರಕ್ತ ಯಾವ ಗುಂಪು, ಅವರ ಫೋನ್ ನಂಬರು ಏನು ಎಂಬುದು ಔಷಧಿಯಷ್ಟೇ ಮುಖ್ಯ. ಮಾಸ್ತರರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸುತ್ತಿ, ಮದುವೆಮನೆ ಶ್ರಾದ್ಧದಮನೆ ಬಿಡದೆ ಹೆಸರು ಬರೆದುಕೊಂಡು ಬಂದರು. ಊಟಕ್ಕೆ ಕೂತವರನ್ನೂ ಬಿಡುತ್ತಿರಲಿಲ್ಲವಂತೆ. ಪಟ್ಟಿ ನೋಡಿ ಫೋನ್ ಮಾಡುವ ಕೆಲಸಕ್ಕೆ ನನ್ನನ್ನು ಸೇರಿಸಿದರು. ತಾವು ವಾರಕ್ಕೆ ಎರಡು ದಿನ ಬಂದು ಪಟ್ಟಿ ತಿದ್ದುವರು.

ನಮಗೆ ಕೊಟ್ಟದ್ದು ಹಳೆಯ ಎಕ್ಸ್‌ರೇ ಕೋಣೆ. ಕಿಟಕಿಗೆ ಕಪ್ಪು ಬಣ್ಣ ಬಳಿದದ್ದು ಹಾಗೇ ಇತ್ತು, ಬಾಗಿಲಿಗೆ ಸೀಸದ ತಗಡು. ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬಾರದು. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಬೇಕು. ಆ ಕೋಣೆಯಲ್ಲಿ ಮಾಸ್ತರರು ಮಾಡುತ್ತಿದ್ದ ಒಂದು ಕೆಲಸವನ್ನು ಮೊದಲ ಸಲ ನೋಡಿದಾಗ ನನಗೆ ಬೆನ್ನು ತಣ್ಣಗಾಗಿತ್ತು.

ದಾನಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಪಟ್ಟಿಯಲ್ಲಿ ಆ ಹೆಸರಿಗೆ ಅಳಿಸುವ ಗುರುತು ಹಾಕಬೇಕು. ಗುರುತು ಬಿದ್ದ ಹೆಸರು ಪರದೆಯಿಂದ ಮರೆಯಾಗುತ್ತದೆ. ಆದರೆ ನಿಜವಾಗಿ ಹೋಗುವುದಿಲ್ಲ, ಕಡತದೊಳಗೇ ಕೂತಿರುತ್ತದೆ. ಪೂರ್ತಿ ಕಿತ್ತುಹಾಕಲು ಬೇರೊಂದು ಆಜ್ಞೆ ಇದೆ. ಅದನ್ನು ಮಾಸ್ತರರು ಒಂದು ದಿನವೂ ಕೊಟ್ಟವರಲ್ಲ. ಗುರುತು ಹಾಕುವ ಮೊದಲು ಆ ಹೆಸರನ್ನು, ತಂದೆಯ ಹೆಸರು, ಊರು, ಮನೆ ಸಮೇತ ಗಟ್ಟಿಯಾಗಿ ಓದುತ್ತಿದ್ದರು. ಓದಿ ಸುಮ್ಮನೆ ಕೂರುವರು. ಒಂದು ಉಸಿರು, ಎರಡು ಉಸಿರು. ಆಮೇಲೆ ಕೀಲಿ ಒತ್ತುವರು.

ಎಂತಕ್ಕೆ ಕಾಯುತ್ತೀರಿ, ಅವರೇನು ಹಾಜರಿ ಹೇಳುತ್ತಾರಾ ಎಂದು ನಾನು ಒಮ್ಮೆ ನಕ್ಕೆ. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಉದ್ದವೇ.

ಅವರು ನಗಲಿಲ್ಲ. “ಓ ಅಂದ್ರೆ ಎಂತ ಮಾಡ್ತೆ ತಂಗಿ? ಒಂದ್ಸಲ ಕರದು ನೋಡವು. ನಾವು ಅಳಸಾದು ಮನುಷ್ಯರನ್ನ,” ಎಂದರು.

ನನಗೂ ಅದೇ ರೂಢಿ ಮಾಡಿಸಿದರು. ಯಾವ ಮನೆ ಎಂದು ಕೇಳದೆ ಗುರುತು ಹಾಕಬಾರದು, ಓದದೆ ಹಾಕಬಾರದು. ಯಾವ ಮನೆ ಎಂಬ ಪ್ರಶ್ನೆ ನಮ್ಮ ಕಡೆ ಸುಮ್ಮನೆ ಹುಟ್ಟಿದ್ದಲ್ಲ. ಇಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಅಣ್ಣತಮ್ಮಂದಿರ ಮಕ್ಕಳೆಲ್ಲ ಅದೇ ಹೆಸರು ಹೊತ್ತು ಒಂದೇ ಕೇರಿಯಲ್ಲಿ ಓಡಾಡುತ್ತಾರೆ. ಮೇಲಿನಮನೆ, ಕೆಳಗಿನಮನೆ, ಆಚೆಮನೆ ಎಂದರೇನೇ ಗೊತ್ತಾಗುವುದು. ಪಟ್ಟಿಯಲ್ಲಿ ಮನೆಗೆ ಬೇರೆ ಕಾಲಂ ಇರಲಿಲ್ಲ. ಅದು ಮಾಸ್ತರರ ತಲೆಯಲ್ಲಿತ್ತು.

ಯಂತ್ರ ಕೆಟ್ಟಾಗಲೂ ಅವರದು ಹೀಗೇ ನಿಧಾನ. ಪರದೆಯ ಮೇಲೆ ತಪ್ಪಿನ ಸಂದೇಶ ಬಂದರೆ ನಾವೆಲ್ಲ ಗಾಬರಿಯಾಗಿ ಕಂಡಕಂಡ ಕೀಲಿ ಒತ್ತಿದರೆ, ಅವರು ಪೆನ್ನು ತೆಗೆದು ಸಂದೇಶವನ್ನು ಅಕ್ಷರ ಬಿಡದೆ ಕಾಗದಕ್ಕೆ ಇಳಿಸುವರು. ನಿನ್ನೆ ಸರಿ ಇದ್ದದ್ದು ಇಂದು ಹಾಳಾದರೆ ನಡುವೆ ಬದಲಾದದ್ದು ಏನು ಎಂದು ಕೇಳುವರು. “ಯಂತ್ರ ಸುಳ್ಳು ಹೇಳ್ತಿಲ್ಲೆ. ಕೇಳಿದ್ದಕ್ಕೆ ಉತ್ತರ ಹೇಳ್ತು. ನೀ ಕೇಳಿದ್ದು ಎಂತದು, ಅದನ್ನ ನೋಡು,” ಎನ್ನುವರು. ಇದು ಅವರ ಮಂತ್ರ. ಬಾಯಿಪಾಠ ಆಗಿ ನನಗೆ ಬೇಜಾರೂ ಬಂದಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಆಸ್ಪತ್ರೆಗೆ ಹೊಸ ಕಂಪ್ಯೂಟರು ಬಂತು. ಹಿರಿಯ ಡಾಕ್ಟರು ಹುಬ್ಬಳ್ಳಿಯಿಂದ ಒಬ್ಬ ಎಂಜಿನಿಯರನ್ನು ಕರೆಸಿ ಹೊಸ ಪ್ರೋಗ್ರಾಂ ಹಾಕಿಸಿದರು. ಮಾಸ್ತರರನ್ನು ಕರೆಯಲಿಲ್ಲ. ಹಳೆಯ ಕಾಲದವರು, ಇದೆಲ್ಲ ಅವರಿಗೆ ತಿಳಿಯದು ಎಂಬ ಮಾತಾಯಿತು. ನಾನೂ ಹೌದು ಹೌದು ಎಂದೆ. ಬಣ್ಣಬಣ್ಣದ ಪರದೆ ಕಂಡರೆ ಯಾರಿಗೆ ಆಸೆ ಆಗುವುದಿಲ್ಲ?

ಆದರೆ ಹೊಸ ಪ್ರೋಗ್ರಾಮಿಗೆ ಹಳೆಯ ಕಡತದ ಭಾಷೆ ಬರುತ್ತಿರಲಿಲ್ಲ. ನಡುವೆ ಡ್ರೈವರ್ ಎಂಬ ಸಣ್ಣದೊಂದು ಪ್ರೋಗ್ರಾಂ ಬೇಕು. ಈಚೆಯವರ ಮಾತನ್ನು ಆಚೆಯವರಿಗೆ ದಾಟಿಸುವುದು ಅದರ ಕೆಲಸ. ಎಂಜಿನಿಯರು ಹಾಕಿದ ಮೊದಲ ಡ್ರೈವರು ಕಡತ ತನಗೆ ಬೇಕಾದ ರೂಪದಲ್ಲಿಲ್ಲ ಎಂದು ತಕರಾರು ಮಾಡಿತು. ಎರಡನೆಯದು ಸಂಪರ್ಕವೇ ಆಗದು ಎಂದಿತು. ಶುಕ್ರವಾರ ಸಂಜೆ ಬಸ್ಸಿಗೆ ಹೊತ್ತಾಗುತ್ತಿದೆ ಎನ್ನುವಾಗ ಅವರು ಹಾಕಿದ ಮೂರನೆಯದು ಸರಕ್ಕನೆ ಕೂತಿತು. ಹೆಸರುಗಳೆಲ್ಲ ಪರದೆ ತುಂಬ ಸಾಲಾಗಿ ನಿಂತವು. ಇನ್ನೇನೂ ತೊಂದರೆ ಇಲ್ಲ ಮೇಡಂ ಎಂದು ಹೇಳಿ ಅವರು ಬಸ್ಸು ಹತ್ತಿದರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಸಿದ್ದಾಪುರ ಕಡೆಯ ಒಬ್ಬ ಬಾಣಂತಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಓ ನೆಗೆಟಿವ್. ಒಂದು ಬಾಟಲಿ ಈಗಲೇ ಬೇಕು, ಉಳಿದದ್ದು ಸಂಜೆಗೆ ಹುಬ್ಬಳ್ಳಿಯಿಂದ ಬರುತ್ತದೆ, ಅಲ್ಲಿಯವರೆಗೆ ಅವಳನ್ನು ಹಿಡಿದಿಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಗಂಡ ನಮ್ಮ ಬಾಗಿಲ ಹೊರಗೆ ನಿಂತಿದ್ದ, ಕೈಯಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು. ನನಗೆ ತಿಳಿದಂತೆ ನಮ್ಮ ಪಟ್ಟಿಯಲ್ಲಿ ಓ ನೆಗೆಟಿವ್ ಇಬ್ಬರೇ. ಒಬ್ಬರು ಹಿಂದಿನ ತಿಂಗಳಷ್ಟೇ ಕೊಟ್ಟು ಹೋಗಿದ್ದರು, ಇನ್ನೊಬ್ಬರು ಮುಂಬಯಿಗೆ ಹೋಗಿದ್ದರು. ಹೊಸ ಪರದೆಯಲ್ಲಿ ಹುಡುಕಿದರೆ ಆರು ಹೆಸರು! ಹೊಸದು ಹೊಸದೇ ಎಂದುಕೊಂಡು ಫೋನೆತ್ತಿದೆ.

ಮೊದಲ ಕರೆ ಬನವಾಸಿಗೆ. ಯಜಮಾನರು ಇದ್ದಾರಾ ಎಂದೆ. “ಅವರು ಹೋಗಿ ಎರಡು ವರ್ಷ ಆತ್ರೀ. ಯಾರ್ರೀ ಮಾತಾಡೋದು?” ಎಂದಿತು ಒಂದು ಹೆಂಗಸಿನ ದನಿ. ಎಲ್ಲೋ ಗುರುತು ಹಾಕಲು ಮರೆತಿದ್ದೇವೆ ಎಂದು ಕ್ಷಮೆ ಕೇಳಿ ಇಟ್ಟೆ.

ಎರಡನೆಯದು ಯಲ್ಲಾಪುರ ತಾಲೂಕಿನ ಇಡಗುಂದಿಗೆ. ತಾಯಿ ಎತ್ತಿದರು. ನಾನು ಮಗನ ಹೆಸರು ಹೇಳಿ, ಆಸ್ಪತ್ರೆಯಿಂದ, ಅವರು ಬರಬೇಕಿತ್ತು ಎಂದೆ. ಆ ಮುದುಕಿ ದನಿ ತಗ್ಗಿಸಿ, ಪಕ್ಕದಲ್ಲಿ ಯಾರಿಗೂ ಕೇಳಬಾರದು ಎನ್ನುವ ಹಾಗೆ, “ಅಂವ ಬರ್ತೆ ಅಂದ್ನಾ, ತಂಗೀ?” ಎಂದು ಕೇಳಿದರು.

ನಾನು ಫೋನು ಇಟ್ಟುಬಿಟ್ಟೆ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. ಹೊರಗಿದ್ದ ಗಂಡನ ಮುಖ ನೆನೆದು ಮೂರನೆಯದು ತಿರುಗಿಸಿದೆ. ಸಿದ್ದಾಪುರ. ಹೋದ ವಾರವಷ್ಟೇ ಅಪ್ಪಯ್ಯನ ವರ್ಷಾಂತದ ತಿಥಿ ಮುಗಿಸಿದೆವು ಎಂದರು ಮಗ. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಕಪ್ಪು ಕಿಟಕಿ, ಕೋಣೆಯಲ್ಲಿ ನಾನೊಬ್ಬಳು, ಎದುರಿಗೆ ಸತ್ತವರು ಸಾಲಾಗಿ ಬಂದು ನಿಂತ ಪರದೆ. ಬಾಗಿಲು ತೆರೆದವಳೇ ಮಾಸ್ತರರ ಇನ್‌ಸ್ಟಿಟ್ಯೂಟಿಗೆ ಓಡಿದೆ. ಹಗಲು ಹೊತ್ತು, ಬಸ್ ಸ್ಟ್ಯಾಂಡ್ ತುಂಬ ಜನ. ಆದರೂ ಹಿಂತಿರುಗಿ ನೋಡಲಿಲ್ಲ.

ಮಾಸ್ತರರು ಬಂದು ಕೂತರು. ತನ್ನನ್ನು ಕರೆಯದೆ ಹೊಸದು ಹಾಕಿಸಿದಿರಲ್ಲ ಎಂದು ಒಂದು ಮಾತೂ ಆಡಲಿಲ್ಲ. ಬದಲಾದದ್ದು ಏನು ಎಂದು ಕೇಳಿದರು, ಡ್ರೈವರು ಎಂದೆ. ಮೂಲೆಗೆ ತಳ್ಳಿದ್ದ ಹಳೆಯ ಯಂತ್ರಕ್ಕೆ ಕರೆಂಟು ಕೊಟ್ಟು ಅದರಲ್ಲಿ ಒಟ್ಟು ಹೆಸರೆಷ್ಟು ಎಣಿಸಿದರು, ಹೊಸದರಲ್ಲಿ ಎಷ್ಟು ಎಣಿಸಿದರು. ಹೊಸದರಲ್ಲಿ ಹತ್ತೊಂಬತ್ತು ಹೆಚ್ಚು.

“ಹೆದರಡ. ಇವ್ರೆಲ್ಲ ನಾವು ಗುರುತು ಹಾಕಿದವ್ರು. ಹಳೇ ಪ್ರೋಗ್ರಾಮಿಗೆ ಆ ಗುರುತು ಕಂಡ್ರೆ ಹೆಸರು ಮುಚ್ಚವು ಹೇಳಿ ಗೊತ್ತಿತ್ತು. ಈ ಡ್ರೈವರಿಗೆ ಯಾರೂ ಹೇಳಿದ್ದಿಲ್ಲೆ. ಅದು ಎಲ್ಲರನ್ನೂ ಕರ್ಕಂಡು ಬಂಜು,” ಎಂದರು.

ಡ್ರೈವರಿನ ಒಂದು ಆಯ್ಕೆ ಬದಲಿಸಿದರೆ ಮುಗಿಯಿತು, ಅದನ್ನು ಅವರು ಹುಡುಕಿಯೂ ಬಿಟ್ಟರು. ನಾನು ಉಸ್ಸಪ್ಪಾ ಎಂದೆ. ಬೇಗ ಮುಚ್ಚಿಬಿಡಿ ಎಂದು ಅಂಗಲಾಚಿದೆ. ಆದರೆ ಅವರು ಕೈ ತಡೆದರು. ಹೇಗೂ ಕರೆಯಲು ಬೇರೆ ಯಾರೂ ಉಳಿದಿಲ್ಲ, ಇಷ್ಟು ವರ್ಷಕ್ಕೆ ಎಲ್ಲರೂ ಒಟ್ಟಿಗೆ ಕಾಣುತ್ತಿದ್ದಾರೆ, ಮುಚ್ಚುವ ಮೊದಲು ಒಂದು ಸಲ ನೋಡಬೇಕು ಎಂದರು. ಹತ್ತೊಂಬತ್ತು ಹೆಸರನ್ನೂ ಗಟ್ಟಿಯಾಗಿ ಓದತೊಡಗಿದರು. ಒಂದೊಂದು ಹೆಸರಿಗೂ ನಿಂತು, ಇವರದು ಹಾವು ಕಚ್ಚಿ, ಇವರದು ಜೀಪು ಮಗುಚಿ, ಈ ಹೆಂಗಸು ಎರಡನೇ ಹೆರಿಗೆಯಲ್ಲಿ, ಎಂದು ಹೇಳುತ್ತ ಹೋದರು. ಪ್ರತಿಯೊಂದನ್ನೂ ಓದಿದ ದಿನ ಅವರಿಗೆ ನೆನಪಿತ್ತು. ಹೊರಗೆ ಆ ಗಂಡ ಬಾಗಿಲು ತಟ್ಟಿದ್ದೂ ನಮಗೆ ಸರಿಯಾಗಿ ಕೇಳಲಿಲ್ಲ.

ಹದಿನೇಳನೆಯ ಹೆಸರಿಗೆ ಅವರು ನಿಂತರು. ಹುಲೇಕಲ್ಲಿನ ಹೆಸರು. ಓ ನೆಗೆಟಿವ್.

“ಈ ಹೆಸರು ಆನು ಓದಿದ್ದಿಲ್ಲೆ,” ಎಂದರು.

ಮತ್ತೊಮ್ಮೆ ಓದಿದರು. ಕಾದರು. ಆಮೇಲೆ ನನ್ನ ಕಡೆ ತಿರುಗಿ, ಇದು ಯಾವ ಮನೆ, ಯಾರು ಗುರುತು ಹಾಕಿದ್ದು ಎಂದು ಕೇಳಿದರು.

ನನಗೆ ಗೊತ್ತಿತ್ತು. ಆ ಕ್ಷಣಕ್ಕೇ ಎಲ್ಲ ಕಣ್ಣ ಮುಂದೆ ಬಂದು ನಿಂತಿತು. ನಾಲ್ಕು ವರ್ಷದ ಹಿಂದೆ ಹುಲೇಕಲ್ ಬಸ್ಸಿನ ಕಂಡಕ್ಟರು ಒಂದು ಚೀಟಿ ಕೊಟ್ಟಿದ್ದ, ಇಂಥವರು ತೀರಿಕೊಂಡರು ಎಂದು. ಆ ಹೆಸರಿನವರು ಪಟ್ಟಿಯಲ್ಲಿ ಇಬ್ಬರಿದ್ದರು, ದಾಯಾದಿಗಳು, ಇಬ್ಬರಿಗೂ ಒಬ್ಬನೇ ಅಜ್ಜನ ಹೆಸರು. ಅವತ್ತು ಅಕ್ಕನ ಜತೆ ಸೀರೆ ತೆಗೆಯಲು ಹೋಗುವ ಅವಸರ ನನಗೆ. ಮನೆ ಯಾವುದು ಕೇಳಲಿಲ್ಲ, ಓದಲಿಲ್ಲ, ಕಾಯಲಿಲ್ಲ. ಮೊದಲು ಕಂಡ ಹೆಸರಿಗೆ ಗುರುತು ಒತ್ತಿ ಚೀಟಿ ಹರಿದು ಎದ್ದು ಹೋಗಿದ್ದೆ. ಇನ್ನೊಂದು ಮನೆಯ ನಂಬರಿಗೆ ಮುಂದೆ ಯಾವಾಗ ಕರೆದರೂ ಯಾರೂ ಎತ್ತುತ್ತಿರಲಿಲ್ಲ. ಕಾಡಿನ ಲೈನು, ಹಾಳಾಗಿರಬೇಕು ಎಂದು ಬಿಟ್ಟಿದ್ದೆವು.

ಗೊತ್ತಿಲ್ಲ ಮಾಸ್ತರೇ ಎಂದೆ. ಒಂದು ಚೂರೂ ತಡವರಿಸದೆ ಹೇಳಿದೆ, ನನ್ನ ನಾಲಿಗೆಗೆ ಬೆಂಕಿ ಹಾಕ.

ಅವರು ಮತ್ತೆ ಕೇಳಲಿಲ್ಲ. ನಂಬರು ತಿರುಗಿಸಿ, ಫೋನನ್ನು ಇಬ್ಬರಿಗೂ ಕೇಳುವಂತೆ ಹಿಡಿದರು. ನಾಲ್ಕು ಸಲ ಗಂಟೆಯಾಯಿತು. ಯಾರೋ ಎತ್ತಿದರು. ಮಾಸ್ತರರು ಪೂರ್ತಿ ಹೆಸರು ಹೇಳಿ, ಅವರ ಮನೆಯಾ ಎಂದು ಕೇಳಿದರು.

“ಹೌದು. ಮೇಲಿನಮನೆ. ಆನೇ ಮಾತಾಡ್ತಾ ಇದ್ದೆ,” ಎಂದಿತು ದನಿ.

ಮಾಸ್ತರರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಇಷ್ಟು ವರ್ಷ ಅವರು ಕಾದದ್ದು ಇದಕ್ಕೇನೋ ಎಂದು ನನಗೆ ಅನ್ನಿಸಿತು, ಆದರೆ ನಿಜಕ್ಕೂ ಉತ್ತರ ಬಂದಾಗ ಅವರ ತುಟಿಯೂ ಬೆಳ್ಳಗಾಗಿತ್ತು. ಕಡೆಗೆ ಸುಧಾರಿಸಿಕೊಂಡು ಬಾಣಂತಿಯ ಸಂಗತಿ ಹೇಳಿದರು. “ಈಗ ಹೊರಟೆ. ಆದ್ರೆ ನಾಲ್ಕು ವರ್ಷಾತು, ನಿಂಗ ಯಾರೂ ಯನ್ನ ಕರದ್ದಿಲ್ಲೆ. ಯನ್ನ ರಕ್ತ ಕೆಟ್ಟೋತು ಹೇಳಿ ಮಾಡ್ಕಂಡಿದ್ದೆ,” ಎಂದರು ಅವರು.

ಯಾರದೋ ಜೀಪಿನಲ್ಲಿ ಮುಕ್ಕಾಲು ಗಂಟೆಗೆ ಬಂದು ಮಲಗಿದರು. ರಕ್ತ ಹೊಂದಿತು. ಬಾಣಂತಿ ಬದುಕಿದಳು. ಗಂಡ ಆ ಚಪ್ಪಲಿಯನ್ನು ಅವಳ ಮಂಚದ ಕೆಳಗಿಟ್ಟು ಅಲ್ಲೇ ನೆಲಕ್ಕೆ ಕೂತು ಅತ್ತ.

ರಕ್ತ ಕೊಟ್ಟು ಎದ್ದ ಮೇಲಿನಮನೆಯವರಿಗೆ ಮಾಸ್ತರರು ನಡೆದದ್ದನ್ನು ಹೇಳಿದರು. ತಾನು ಎಲ್ಲಿ ಸತ್ತಿದ್ದೆ ನೋಡಬೇಕು ಎಂದು ಅವರು ನಮ್ಮ ಕೋಣೆಗೆ ಬಂದರು. ಕಾಫಿ ಕುಡಿಯುತ್ತ ಪರದೆಗೆ ಮುಖ ತಂದು ತನ್ನ ಹೆಸರಿನ ಮೇಲೆ ಕೆಳಗೆ ಇದ್ದ ಹೆಸರುಗಳನ್ನು ಓದಿಕೊಂಡರು. “ಇಷ್ಟು ದಿನ ಯಾರ್ಯಾರ ಸಂಗ್ತಿಗೆ ಇದ್ನಪ್ಪ ಆನು,” ಎಂದು ನಗಲು ಹೋದವರು ನಗಲಿಲ್ಲ. ಲೋಟ ಅರ್ಧಕ್ಕೇ ಇಟ್ಟು ಬಿಸಿಲಿಗೆ ಹೋಗಿ ನಿಂತರು. ಮಾಸ್ತರರು ಅವರ ಹೆಸರಿನ ಗುರುತು ತೆಗೆದು, ತೀರಿಕೊಂಡ ಕೆಳಗಿನಮನೆಯವರ ಹೆಸರನ್ನು ನಿಧಾನವಾಗಿ ಓದಿ ಕಾದು ಗುರುತು ಹಾಕಿ, ಆಮೇಲೆ ಡ್ರೈವರಿನ ಆಯ್ಕೆ ಬದಲಿಸಿದರು. ಹತ್ತೊಂಬತ್ತೂ ಜನ ಒಟ್ಟಿಗೆ ಮರೆಯಾದರು.

ಸುದ್ದಿ ವಾರ್ಡಿನಿಂದ ವಾರ್ಡಿಗೆ ಹಬ್ಬಿ ಹಿರಿಯ ಡಾಕ್ಟರ ಕಿವಿಗೆ ಬೀಳಲು ಅರ್ಧ ದಿನವೂ ಬೇಕಾಗಲಿಲ್ಲ. ಇಬ್ಬರನ್ನೂ ಕರೆಸಿದರು. ಬದುಕಿದ್ದವರನ್ನು ಸತ್ತವರ ಸಾಲಿಗೆ ಸೇರಿಸಿದ್ದು ಯಾರು ಎಂದು ಕೇಳಿದರು. ನಾನು ನೆಲ ನೋಡುತ್ತ ನಿಂತಿದ್ದೆ. ಆ ಕೆಲಸ ಹೋದರೆ ಹೆಗಡೆಕಟ್ಟಾಕ್ಕೆ ವಾಪಸು, ತಯಾರಿಟ್ಟ ಗಂಡಿಗೆ ಮಾಲೆ, ಇಷ್ಟೇ ನನ್ನ ತಲೆಯಲ್ಲಿ. ಮಾಸ್ತರರು ನನ್ನತ್ತ ನೋಡಲೂ ಇಲ್ಲ. ತನ್ನದೇ ಕೈತಪ್ಪು, ಬೆರಳು ಸರಿಯಿಲ್ಲ, ವಯಸ್ಸೂ ಆಯಿತು ಎಂದರು. ಹಾಗಾದರೆ ಪಟ್ಟಿಯ ತಂಟೆ ಇನ್ನು ಬೇಡ, ಕೀಲಿಕೈ ಕೊಟ್ಟು ಹೋಗಿ ಎಂದರು ಡಾಕ್ಟರು. ಆರೇಳು ವರ್ಷ ಮೂರು ತಾಲೂಕು ತಿರುಗಿ ಕಟ್ಟಿದ ಪಟ್ಟಿ. ಮಾಸ್ತರರು ಕೀಲಿಕೈಯನ್ನು ಮೇಜಿನ ಮೇಲಿಟ್ಟು, ನಮಸ್ಕಾರ ಹೇಳಿ, ಮೆಟ್ಟಿಲಿಳಿದು ಹೋದರು.

ಆಮೇಲೆ ಆ ಕೋಣೆಯಲ್ಲಿ ನಾನೊಬ್ಬಳೇ. ಹೆಸರು ಓದದೆ ಗುರುತು ಹಾಕಿದ್ದು ಹುಲೇಕಲ್ಲಿನದೇ ಕೊನೆ. ಓದಿ ಕಾಯುವಾಗ ಇಡಗುಂದಿಯ ಆ ತಾಯಿಯ ಪ್ರಶ್ನೆ ಕಿವಿಯ ಹತ್ತಿರವೇ ಕೇಳುತ್ತಿತ್ತು. ಎಷ್ಟೋ ಸಲ ಬಾಗಿಲು ತೆರೆದಿಟ್ಟುಕೊಂಡು ಓದಿದ್ದೇನೆ.

ಮಾಸ್ತರರ ಮನೆಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ಯಂತ್ರದ ತಕರಾರು ಒಂದು ನೆಪ. ಇನ್‌ಸ್ಟಿಟ್ಯೂಟು ಖಾಲಿಯಾಗುತ್ತ ಬಂದಿತ್ತು. ಟೈಪಿಂಗ್ ಯಾರಿಗೆ ಬೇಕು? ನನ್ನನ್ನು ಕಂಡರೆ ಖುಷಿ ಅವರಿಗೆ. ಸಂದೇಶವನ್ನು ಕಾಗದಕ್ಕೆ ಇಳಿಸಿಕೊಂಡು ಬಂದಿದ್ದೀಯಾ ಎಂದು ಮೊದಲು ಕೇಳುವರು. ಉತ್ತರ ಹೇಳಿ ಮುಗಿದ ಮೇಲೆ, “ಮತ್ತೆಂತ, ತಂಗಿ?” ಎಂದು ಕೇಳಿ ಸುಮ್ಮನಾಗುವರು. ಒಂದು ಉಸಿರು, ಎರಡು ಉಸಿರು. ನಾನು ಎಂತದೂ ಇಲ್ಲೆ ಎಂದು ಚಪ್ಪಲಿ ಮೆಟ್ಟುತ್ತಿದ್ದೆ. ಮುಂದಿನ ಸಲ ಹೇಳಿದರಾಯಿತು ಎಂದು ಬಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಹೀಗೆ ಏಳು ವರ್ಷ.

ಎರಡು ದಿನದ ಜ್ವರಕ್ಕೆ ಅವರು ಹೋದರು. ನಾನು ಆಗ ಊರಲ್ಲಿರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ಇನ್ನು ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ ಎಂದು, ಹುಲೇಕಲ್ಲಿನ ಹೆಸರಿಗೆ ಗುರುತು ಹಾಕಿದ್ದು ನಾನು, ಮಾಸ್ತರರು ಅಲ್ಲ ಎಂದು ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ.

ಅವರಿಗೆ ಆಶ್ಚರ್ಯವಾಗಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿದರು.

“ಯಂಗೆ ಮೊದ್ಲೇ ಗೊತ್ತಿದ್ದು. ಇವ್ರು ಆ ದಿನವೇ ಹೇಳಿದ್ರು. ‘ನೀ ಕೇಳಡ, ಅದಾಗೇ ಒಂದಿನ ಬಂದು ಹೇಳ್ತು’ ಅಂದ್ರು. ನೀ ಬಂದು ಹೋದಾಗೆಲ್ಲ ಆನು ಕೇಳ್ತಿದ್ದೆ, ಹೇಳಿತಾ ಹೇಳಿ. ‘ಇಲ್ಲೆ, ಮುಂದಿನ ಸಲ ಹೇಳ್ತು’ ಅಂತಿದ್ರು,” ಎಂದರು.

ನಾನು ಅವರ ಕೈ ಬಿಡದೆ ಕೂತಿದ್ದೆ. ಅವರು ಬಾಗಿಲ ಕಡೆ ನೋಡುತ್ತ ಇನ್ನೊಂದು ಮಾತು ಹೇಳಿದರು. ಕಡೆಯ ದಿನ ಬೆಳಿಗ್ಗೆ ಜ್ವರದಲ್ಲಿ ಮಲಗಿದ್ದಾಗ ಹೊರಗೆ ಯಾರೋ ಬಾಗಿಲು ತಟ್ಟಿದರಂತೆ. ಮಾಸ್ತರರು ಕಣ್ಣು ಬಿಟ್ಟು, ತಂಗಿ ಬಂತು, ಬಾಗಿಲು ತೆಗೆ ಎಂದರಂತೆ. ತೆಗೆದು ನೋಡಿದರೆ ಹಾಲಿನವನು.